941 ಎಲ್ಲಿ ಕಳೆದುಹೋಯಿತು? ಮನೆಯಲ್ಲೇ ಕಟ್ಟಿದ ರೂಟರಿನ ವೇಗ ಅಳೆಯುವ ಬಗೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಯಾವುದೋ ಕಚೇರಿಯಿಂದ ನಿವೃತ್ತವಾಗಿ ಬಂದ ಡೆಸ್ಕ್‌ಟಾಪ್ ಒಂದನ್ನು ಕೊಂಡೆ. ಎರಡನೆಯ ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ರೂಟರ್‌ಗಳಿಗೆಂದೇ ಇರುವ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ತಂತ್ರಾಂಶ ತುಂಬಿದ ಮೇಲೆ ಅದು ರೂಟರ್ ಆಯಿತು. ರಾತ್ರಿ ಹೆಮ್ಮೆಯಿಂದ ಸ್ಪೀಡ್ ಟೆಸ್ಟ್ ಓಡಿಸಿದರೆ ಬಂದದ್ದು 94 ಎಂಬಿಪಿಎಸ್ (ಸೆಕೆಂಡಿಗೆ 94 ಮೆಗಾಬಿಟ್). ನಾನು ತಿಂಗಳು ತಿಂಗಳು ಹಣ ಕಟ್ಟುತ್ತಿದ್ದುದು 300ಕ್ಕೆ. ಎರಡು ರಾತ್ರಿ ಫೈರ್‌ವಾಲ್ ನಿಯಮಗಳನ್ನು ಅಳಿಸಿದೆ, ಮತ್ತೆ ಬರೆದೆ. ತಂತ್ರಾಂಶವನ್ನು ಮೂರು ಸಲ ಹೊಸದಾಗಿ ಹಾಕಿದೆ. ತಪ್ಪಿದ್ದದ್ದು ಅಟ್ಟದಿಂದ ಇಳಿಸಿ ತಂದಿದ್ದ ಹಳೆಯ ಕೇಬಲಿನಲ್ಲಿ. ಎಂಟು ತಂತಿಗಳ ಪೈಕಿ ನಾಲ್ಕನ್ನು ಮಾತ್ರ ಯಾರೋ ತುದಿಯ ಪ್ಲಗ್ಗಿಗೆ ಕ್ರಿಂಪ್ ಮಾಡಿ ಕೂರಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಆ ಎರಡು ರಾತ್ರಿಗಳನ್ನು ನೀವು ಕಳೆದುಕೊಳ್ಳದಿರಲಿ ಎಂದು ಈ ಬರಹ. ಹಳೆಯ ಕಂಪ್ಯೂಟರೋ ಇಂಟೆಲ್ ಎನ್100 ಚಿಪ್ಪಿನ ಪುಟ್ಟ ಪೆಟ್ಟಿಗೆಯೋ ರಾಸ್‌ಬೆರಿ ಪೈ ಬೋರ್ಡೋ, ಯಾವುದರಿಂದ ರೂಟರ್ ಕಟ್ಟಿದ್ದರೂ ಕ್ರಮ ಒಂದೇ. ಗದ್ದೆಗೆ ನೀರು ಬಾರದಿದ್ದರೆ ರೈತ ಮೊದಲು ಪಂಪನ್ನು ಬಿಚ್ಚುವುದಿಲ್ಲ, ಕಾಲುವೆಯ ಗುಂಟ ನಡೆದು ನೋಡುತ್ತಾನೆ. ನಾವೂ ಹಾಗೆಯೇ ತುಂಡು ತುಂಡಾಗಿ ಅಳೆಯುತ್ತಾ ಹೋಗೋಣ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಗಿಗಾಬಿಟ್ ಪೋರ್ಟ್ ಇರುವ ಎರಡು ಕಂಪ್ಯೂಟರ್‌ಗಳು, ಎರಡು ಒಳ್ಳೆಯ ಕೇಬಲ್‌ಗಳು, ಒಂದು ನೋಟ್‌ಬುಕ್. ನೋಟ್‌ಬುಕ್ ಎಂದರೆ ಕಾಗದದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅಳೆದು, ಬರೆದಿಡಬೇಕು. ಎರಡು ಕಡೆ ಒಟ್ಟಿಗೆ ಕೈಯಾಡಿಸಿದರೆ ಯಾವುದರಿಂದ ಗುಣವಾಯಿತೆಂದು ಎಂದಿಗೂ ತಿಳಿಯದು. ವೈಫೈ ಪೂರ್ತಿ ಆರಿಸಿಬಿಡಿ. ಮನೆಯಲ್ಲಿ ಯಾರಿಗೂ ಕಚೇರಿಯ ಮೀಟಿಂಗ್ ಇಲ್ಲದ ಹೊತ್ತನ್ನು ಆರಿಸಿಕೊಳ್ಳುವುದು ಸಂಸಾರಕ್ಕೆ ಕ್ಷೇಮ.

ಮಿತಿ ಎಷ್ಟು?

ಗಿಗಾಬಿಟ್ ಪೋರ್ಟ್ ಎಂದರೆ ಸೆಕೆಂಡಿಗೆ 1000 ಮೆಗಾಬಿಟ್. ಆದರೆ ನಿಮ್ಮ ಫೈಲಿಗೆ ಅಷ್ಟೂ ಸಿಗುವುದಿಲ್ಲ. ದತ್ತಾಂಶ ಪ್ಯಾಕೆಟ್‌ಗಳೆಂಬ ತುಂಡುಗಳಾಗಿ ಸಾಗುತ್ತದೆ. 1500 ಬೈಟ್‌ನ ಒಂದು ಪ್ಯಾಕೆಟ್ ತಂತಿಯ ಮೇಲೆ 1538 ಬೈಟ್‌ನಷ್ಟು ಜಾಗ ಹಿಡಿಯುತ್ತದೆ: ವಿಳಾಸಕ್ಕೆ 14, ತಪ್ಪು ಹಿಡಿಯಲು 4, ಮುನ್ಸೂಚನೆಗೆ 8, ಎರಡು ಪ್ಯಾಕೆಟ್‌ಗಳ ನಡುವಿನ ಖಾಲಿ ಜಾಗಕ್ಕೆ 12. ಆ 1500ರ ಒಳಗೂ ಐಪಿ ಮತ್ತು ಟಿಸಿಪಿ ಎಂಬ ಸಾಗಣೆ ನಿಯಮಗಳ ತಲೆಬರಹಗಳು ಸಾಮಾನ್ಯವಾಗಿ 52 ಬೈಟ್ ತಿನ್ನುತ್ತವೆ. ಉಳಿಯುವುದು 1448. ಭಾಗಿಸಿ ನೋಡಿದರೆ 941 ಮೆಗಾಬಿಟ್. ಪರೀಕ್ಷೆಯಲ್ಲಿ 941 ಬಂದರೆ ಸಂತೋಷಪಡಿ. ಉಳಿದ 59 ಎಲ್ಲಿ ಹೋಯಿತೆಂದು ಹುಡುಕಬೇಡಿ. 94 ಬಂದರೆ ಅದು ಇದೇ ಲೆಕ್ಕದ ಹತ್ತನೇ ಒಂದು ಭಾಗ, ಅಂದರೆ ಕೊಂಡಿ 100 ಮೆಗಾಬಿಟ್‌ನಲ್ಲಿ ನಿಂತಿದೆ. ಈ ಎರಡು ಸಂಖ್ಯೆಗಳು ಬಾಯಿಪಾಠವಾಗಿದ್ದರೆ ಅರ್ಧ ಕಾಯಿಲೆ ದೂರದಿಂದಲೇ ಗೊತ್ತಾಗುತ್ತದೆ.

ಬಿಟ್ಟು ಬೇರೆ, ಬೈಟು ಬೇರೆ ಎನ್ನುವುದೂ ನೆನಪಿರಲಿ. 300 ಮೆಗಾಬಿಟ್‌ನ ಯೋಜನೆಯಲ್ಲಿ ಬ್ರೌಸರ್ ಸೆಕೆಂಡಿಗೆ 37 ಮೆಗಾಬೈಟ್ ತೋರಿಸಿದರೆ ಅದು ಮೋಸವಲ್ಲ, ಎಂಟರಿಂದ ಭಾಗಿಸಿದ ಫಲ.

ತಂತಿಯಿಂದ ಶುರು

ಲಿನಕ್ಸ್ ರೂಟರಿನಲ್ಲಿ ಈಥ್‌ಟೂಲ್ ಎಂಬ ಪುಟ್ಟ ತಂತ್ರಾಂಶವಿದೆ, ಇಲ್ಲದಿದ್ದರೆ ಹಾಕಿಕೊಳ್ಳಿ. ಅದರ ಮುಂದೆ ಪೋರ್ಟಿನ ಹೆಸರು ಕೊಟ್ಟರೆ ಕೊಂಡಿ ಯಾವ ವೇಗದಲ್ಲಿ ಕೂಡಿದೆ ಎಂದು ಹೇಳುತ್ತದೆ. (ಇಲ್ಲಿ ಬರುವ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು; ಯಂತ್ರಕ್ಕೆ ಕನ್ನಡ ಬಾರದು.) ವೇಗ 1000, ಡ್ಯೂಪ್ಲೆಕ್ಸ್ ಫುಲ್ (ಎರಡೂ ದಿಕ್ಕಿಗೆ ಒಟ್ಟಿಗೇ) ಎಂದಿರಬೇಕು. 100 ಎಂದಿದ್ದರೆ ಕೇಬಲ್ ಬದಲಿಸಿ. ನೂರರ ವೇಗಕ್ಕೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕು ಜೋಡಿಯೂ ಬೇಕು. ಒಂದೇ ಒಂದು ತಂತಿ ಆರ್‌ಜೆ45 ತುದಿಯಲ್ಲಿ ಸಡಿಲವಾಗಿದ್ದರೂ ಕಾರ್ಡುಗಳು ತಮ್ಮತಮ್ಮಲ್ಲೇ ರಾಜಿಯಾಗಿ ನೂರಕ್ಕೆ ಇಳಿಯಬಹುದು, ನಿಮಗೆ ಹೇಳುವುದೂ ಇಲ್ಲ.

ವೇಗ ಸರಿಯಿದ್ದರೂ ಅದೇ ಈಥ್‌ಟೂಲಿಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು ಅಂಕಿಅಂಶಗಳ ಪಟ್ಟಿ ತೆಗೆಯಿರಿ. ಸಿಆರ್‌ಸಿ ದೋಷಗಳ ಸಂಖ್ಯೆ ಸೊನ್ನೆಯಲ್ಲೇ ನಿಂತಿರಬೇಕು. ಅದು ಏರುತ್ತಿದ್ದರೆ ಪ್ಯಾಕೆಟ್‌ಗಳು ದಾರಿಯಲ್ಲಿ ಕೆಡುತ್ತಿವೆ. ಅಗ್ಗದ ಕೇಬಲ್‌ಗಳಲ್ಲಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಇರುತ್ತದೆ. ಮಾರುವವರು ಅದನ್ನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಪೂರ್ತಿ ತಾಮ್ರದ ಕ್ಯಾಟ್ 5ಇ ದರ್ಜೆಯ ಕೇಬಲ್ ಸಿಕ್ಕರೆ ಮನೆಗೆ ಧಾರಾಳ ಸಾಕು. ಕ್ಯಾಟ್ 8 ಎಂದು ಮಿನುಗುವ ಪ್ಯಾಕೆಟ್ಟಿಗೆ ಮರುಳಾಗಬೇಡಿ.

ಅಳೆಯುವುದು

ಇದಕ್ಕೆ ಐಪರ್ಫ್3 ಬಳಸಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದತ್ತಾಂಶ ಸುರಿದು ಎಷ್ಟು ತಲುಪಿತೆಂದು ಹೇಳುವ ಉಚಿತ ತಂತ್ರಾಂಶ ಇದು. ಮೊದಲು ರೂಟರನ್ನು ಪಕ್ಕಕ್ಕಿಟ್ಟು, ಎರಡು ಕಂಪ್ಯೂಟರ್‌ಗಳನ್ನು ಒಂದೇ ಕೇಬಲಿನಿಂದ ನೇರ ಜೋಡಿಸಿ ಅಳೆಯಿರಿ. ಇಲ್ಲೇ 941 ಬಾರದಿದ್ದರೆ ರೂಟರಿನ ಮೇಲೆ ಅಪವಾದ ಹೊರಿಸುವಂತಿಲ್ಲ.

ಬಳಿಕ ರೂಟರನ್ನು ನಡುವೆ ತನ್ನಿ. ಈಗಿರುವ ವ್ಯಾನ್ (ಹೊರಗಿನ ಅಂತರ್ಜಾಲದ ಕಡೆಯ) ಸೆಟ್ಟಿಂಗ್, ಬಳಕೆದಾರ ಹೆಸರು, ಪಾಸ್‌ವರ್ಡ್‌ಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಕಂಪನಿಯ ಫೈಬರ್ ಪೆಟ್ಟಿಗೆಯ ಕೇಬಲನ್ನು ಕೀಳಿ. ವ್ಯಾನ್ ಪೋರ್ಟಿಗೆ ತಾತ್ಕಾಲಿಕವಾಗಿ 192.168.50.1 ಎಂಬ ಸ್ಥಿರ ವಿಳಾಸ ಕೊಡಿ. ಅಲ್ಲಿಗೆ ಜೋಡಿಸಿದ ಮೊದಲ ಕಂಪ್ಯೂಟರಿಗೆ 192.168.50.2. ಎರಡನೆಯದನ್ನು ಎಂದಿನಂತೆ ಲ್ಯಾನ್ (ಮನೆಯೊಳಗಿನ ಕಡೆಯ) ಪೋರ್ಟಿಗೆ ಸಿಕ್ಕಿಸಿ. ಓಪನ್‌ಡಬ್ಲ್ಯುಆರ್‌ಟಿಯ ಲ್ಯಾನ್ ವಿಳಾಸ ಸಾಮಾನ್ಯವಾಗಿ 192.168.1.1 ಆಗಿರುವುದರಿಂದ ಎರಡೂ ಡಿಕ್ಕಿ ಹೊಡೆಯುವುದಿಲ್ಲ. ಈಗ ಮನೆಯ ಮೇಜಿನ ಮೇಲೆ ಒಂದು ನಕಲಿ ಅಂತರ್ಜಾಲ ಸಿದ್ಧವಾಯಿತು.

ವ್ಯಾನ್ ಬದಿಯ ಕಂಪ್ಯೂಟರಿನಲ್ಲಿ ಐಪರ್ಫ್3ಗೆ ಸಣ್ಣಕ್ಷರದ ಎಸ್ ಆಯ್ಕೆ ಕೊಟ್ಟು ಸರ್ವರ್ ಆಗಿ ಕೂರಿಸಿ. ಅದು ವಿಂಡೋಸ್ ಆದರೆ ಅಲ್ಲಿನ ಫೈರ್‌ವಾಲ್ 5201ನೇ ಪೋರ್ಟನ್ನು ತಡೆಯುತ್ತದೆ, ಬಿಡಿಸಿಕೊಳ್ಳಿ. ಲ್ಯಾನ್ ಬದಿಯಿಂದ ಸಣ್ಣಕ್ಷರದ ಸಿ ಆಯ್ಕೆಯೊಂದಿಗೆ 192.168.50.2 ವಿಳಾಸ ಕೊಟ್ಟು 30 ಸೆಕೆಂಡ್ ಓಡಿಸಿ. ಇದು ಅಪ್‌ಲೋಡ್ ದಿಕ್ಕು. ದೊಡ್ಡಕ್ಷರದ ಆರ್ ಸೇರಿಸಿದರೆ ದಿಕ್ಕು ತಿರುಗಿ ಡೌನ್‌ಲೋಡ್ ಆಗುತ್ತದೆ. ದೊಡ್ಡಕ್ಷರದ ಪಿ ಮುಂದೆ 4 ಹಾಕಿದರೆ ಒಂದರ ಬದಲು ನಾಲ್ಕು ಧಾರೆಗಳು. ಸಣ್ಣಕ್ಷರದ ಪಿ ಹಾಕಿಬಿಟ್ಟರೆ ಅದನ್ನು ಪೋರ್ಟ್ ಸಂಖ್ಯೆ ಎಂದು ತಿಳಿದು ಮುನಿಸಿಕೊಳ್ಳುತ್ತದೆ. ನಾನು ಇದರಲ್ಲೂ ಕಾಲು ಗಂಟೆ ಕಳೆದಿದ್ದೇನೆ.

ಐಪರ್ಫ್3 ಅನ್ನು ರೂಟರಿನ ಮೇಲೆಯೇ ಓಡಿಸುವವರು ಬಹಳ. ಹಾಗೆ ಮಾಡಿದರೆ ಅದು ಪ್ಯಾಕೆಟ್ ದಾಟಿಸುವ ಶಕ್ತಿಯನ್ನಲ್ಲ, ದತ್ತಾಂಶವನ್ನು ತಾನೇ ಹುಟ್ಟಿಸಿ ನುಂಗುವ ಶಕ್ತಿಯನ್ನು ತೋರಿಸುತ್ತದೆ. ಅಂಚೆಯಣ್ಣನ ವೇಗ ತಿಳಿಯಲು ಅವನಿಂದಲೇ ಕಾಗದ ಬರೆಸಿದ ಹಾಗೆ. ರೂಟರ್ ಯಾವಾಗಲೂ ನಡುವೆ ಇರಬೇಕು.

ಪರೀಕ್ಷೆ ನಡೆಯುತ್ತಿರುವಾಗ ರೂಟರಿನಲ್ಲಿ, ಸಿಪಿಯುವಿನ ದುಡಿಮೆ ತೋರಿಸುವ ಎಚ್‌ಟಾಪ್ ತೆರೆದು ಅದರ ಒಂದೊಂದು ಕೋರನ್ನೂ ಬೇರೆ ಬೇರೆಯಾಗಿ ನೋಡಿ. ಒಟ್ಟು ಸಿಪಿಯು ಶೇ 25 ಎಂದು ತೋರಿಸುತ್ತಾ ನಿಮ್ಮನ್ನು ಮರುಳು ಮಾಡಬಹುದು. ನಾಲ್ಕು ಕೋರ್‌ಗಳಲ್ಲಿ ಒಂದು ಶೇ 100 ದುಡಿದು ಮೂರು ಕೈಕಟ್ಟಿ ಕುಳಿತಿದ್ದರೂ ಸರಾಸರಿ ಅಷ್ಟೇ ಬರುತ್ತದೆ. ಸಾಮಾನ್ಯವಾಗಿ ಒಂದು ಧಾರೆಯ ಪ್ಯಾಕೆಟ್‌ಗಳೆಲ್ಲ ಒಂದೇ ಕೋರಿಗೆ ಹೋಗುತ್ತವೆ, ಇಲ್ಲದಿದ್ದರೆ ಅವುಗಳ ಸರದಿ ಕೆಡುತ್ತದೆ. ಒಂದು ಧಾರೆಯಲ್ಲಿ 500, ನಾಲ್ಕರಲ್ಲಿ 941 ಬಂದರೆ ಅಡಚಣೆ ಒಂದು ಕೋರಿನ ದಣಿವು. ಎರಡರಲ್ಲೂ ಒಂದೇ ಸಂಖ್ಯೆ ಬಂದು ಸಿಪಿಯು ಆರಾಮಾಗಿದ್ದರೆ ಅಡಚಣೆ ಕಾರ್ಡಿನಲ್ಲೋ ಅದು ಕುಳಿತ ಸ್ಲಾಟಿನಲ್ಲೋ ಇದೆ.

ಇನ್ನೊಂದು ಮಾತು. ರೂಟರಿಗೆ ಭಾರವಾಗುವುದು ದತ್ತಾಂಶದ ತೂಕಕ್ಕಿಂತ ಪ್ಯಾಕೆಟ್‌ಗಳ ಎಣಿಕೆ. ಟೋಲ್ ಗೇಟಿಗೆ ಲಾರಿಯೂ ಒಂದೇ, ಕಾರೂ ಒಂದೇ. ಗೇಟು ಎತ್ತುವ ಶ್ರಮ ಅಷ್ಟೇ. ದೊಡ್ಡ ಪ್ಯಾಕೆಟ್‌ಗಳಾದರೆ ಗಿಗಾಬಿಟ್ ಎಂದರೆ ಸೆಕೆಂಡಿಗೆ ಸುಮಾರು 81 ಸಾವಿರ. 64 ಬೈಟ್‌ನ ಅತಿ ಚಿಕ್ಕವಾದರೆ 14 ಲಕ್ಷ 88 ಸಾವಿರ. ಅಷ್ಟು ಹುಟ್ಟಿಸಲು ನಿಮ್ಮ ಲ್ಯಾಪ್‌ಟಾಪೇ ಏದುಸಿರು ಬಿಡುತ್ತದೆ, ಮನೆಯ ಬಳಕೆಯೂ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಆಟ, ಧ್ವನಿ ಕರೆ, ಟೊರೆಂಟ್ ಇರುವ ಮನೆಯಲ್ಲಿ ಪ್ಯಾಕೆಟ್‌ಗಳು ಚಿಕ್ಕವು. 941 ತೋರಿಸಿದ ರೂಟರ್ ಅಲ್ಲಿ ತಡವರಿಸಿದರೆ ಅಚ್ಚರಿಪಡಬೇಡಿ.

ಎಲ್ಲಿ ಕೈ ಹಾಕಬೇಕು?

ಮೊದಲು ಯಂತ್ರಾಂಶ, ಯಾಕೆಂದರೆ ಅದನ್ನು ಸೆಟ್ಟಿಂಗ್‌ನಿಂದ ಗೆಲ್ಲಲಾಗದು. ಹಳೆಯ ಬಿಳಿ ಪಿಸಿಐ ಸ್ಲಾಟ್ ಸೆಕೆಂಡಿಗೆ 133 ಮೆಗಾಬೈಟ್ ಮಾತ್ರ ಸಾಗಿಸಬಲ್ಲದು, ಅದೂ ಎಲ್ಲ ಕಾರ್ಡ್‌ಗಳಿಗೆ ಸೇರಿ. ಎರಡು ಕಾರ್ಡ್‌ಗಳೂ ಅಲ್ಲಿದ್ದರೆ ಪ್ರತಿ ಪ್ಯಾಕೆಟ್ ಆ ದಾರಿಯಲ್ಲಿ ಎರಡು ಸಲ ನಡೆಯಬೇಕು. ಅರ್ಧ ಗಿಗಾಬಿಟ್‌ಗಿಂತ ಹೆಚ್ಚು ಬಯಸಬೇಡಿ. ಮೊದಲ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ನ ಅತಿ ಚಿಕ್ಕ ಸ್ಲಾಟ್ ಕೂಡ ಒಂದೊಂದು ದಿಕ್ಕಿಗೂ 250 ಮೆಗಾಬೈಟ್ ಕೊಡುತ್ತದೆ, ಗಿಗಾಬಿಟ್‌ಗೆ ಸಾಕು. ರಾಸ್‌ಬೆರಿ ಪೈ 3ಬಿ ಪ್ಲಸ್‌ನ ಪೋರ್ಟ್ ಗಿಗಾಬಿಟ್ ಎಂದಿದ್ದರೂ ಒಳಗೆ ಯುಎಸ್‌ಬಿ 2.0 ಮೂಲಕ ಹಾಯುವುದರಿಂದ ಸುಮಾರು 300ಕ್ಕೆ ನಿಲ್ಲುತ್ತದೆ. ಪೈ 4ರಲ್ಲಿ ಆ ಇಕ್ಕಟ್ಟು ಇಲ್ಲ.

ನಂತರ ಕೆಲಸ ಹಂಚಿಕೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಪ್ಯಾಕೆಟ್ ಸ್ಟಿಯರಿಂಗ್ ಎಂಬ ಆಯ್ಕೆ ಚಾಲೂ ಮಾಡಿದರೆ ಸುಮ್ಮನೆ ಕುಳಿತ ಕೋರ್‌ಗಳಿಗೂ ಪಾಲು ಹೋಗುತ್ತದೆ. ಫೈರ್‌ವಾಲ್ ಪುಟದಲ್ಲಿರುವ ಸಾಫ್ಟ್‌ವೇರ್ ಫ್ಲೋ ಆಫ್‌ಲೋಡಿಂಗ್ ಇನ್ನೂ ಪರಿಣಾಮಕಾರಿ. ಒಮ್ಮೆ ಪರಿಚಯವಾದ ಧಾರೆಯ ಮುಂದಿನ ಪ್ಯಾಕೆಟ್‌ಗಳನ್ನು ಫೈರ್‌ವಾಲಿನ ಪೂರ್ತಿ ವಿಚಾರಣೆಯಿಲ್ಲದೆ ಅಡ್ಡದಾರಿಯಲ್ಲಿ ಕಳಿಸುವ ಉಪಾಯ ಇದು. ಲಿನಕ್ಸ್ ಕರ್ನೆಲ್‌ಗೆ 2018ರಲ್ಲಿ 4.16ನೇ ಆವೃತ್ತಿಯೊಂದಿಗೆ ಬಂತು. ದುರ್ಬಲ ಸಿಪಿಯುಗೆ ಇದು ಸಂಜೀವಿನಿ. ನುಸುಳುಕೋರರನ್ನು ಹಿಡಿಯಲೆಂದು ಪ್ರತಿ ಪ್ಯಾಕೆಟ್ಟಿನ ಹೊಟ್ಟೆ ಬಗೆದು ನೋಡುವ ತಂತ್ರಾಂಶ ಹಾಕಿಕೊಂಡಿದ್ದರೆ ಅದನ್ನು ನಿಲ್ಲಿಸಿ ಒಮ್ಮೆ ಅಳೆಯಿರಿ. ಎಷ್ಟು ವೇಗ ಕೊಟ್ಟು ಎಷ್ಟು ಭದ್ರತೆ ಕೊಳ್ಳುತ್ತಿದ್ದೀರಿ ಎನ್ನುವುದಾದರೂ ತಿಳಿಯಲಿ.

ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಪಿಪಿಪಿಒಇ ಎಂಬ ವಿಧಾನದ ಮೂಲಕ ಸೇರುವ ಸಂಪರ್ಕವಾದರೆ ಎರಡು ತೊಡಕು. ಪ್ರತಿ ಪ್ಯಾಕೆಟ್ಟಿಗೆ 8 ಬೈಟ್ ಹೆಚ್ಚುವರಿ ಹೊದಿಕೆ ಬರುವುದರಿಂದ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492ಕ್ಕೆ ಇಳಿಯುತ್ತದೆ, 941 ಇದ್ದದ್ದು 936 ಆಗುತ್ತದೆ. ಕೆಲವು ತಾಣಗಳು ಸರಾಗ, ಕೆಲವು ಅರ್ಧಕ್ಕೇ ನಿಲ್ಲುತ್ತಿದ್ದರೆ ವ್ಯಾನ್ ವಲಯದಲ್ಲಿ, ಪ್ಯಾಕೆಟ್‌ಗಳನ್ನು ಆ ಗಾತ್ರದೊಳಗೇ ಇರಿಸುವ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಚಾಲೂ ಇದೆಯೇ ನೋಡಿ. ಎರಡನೆಯದು ಸೂಕ್ಷ್ಮ: ಹೊದಿಕೆಯೊಳಗಿನ ವಿಳಾಸ ಅನೇಕ ಕಾರ್ಡ್‌ಗಳಿಗೆ ಕಾಣದು. ಹಾಗಾಗಿ ಬರುವ ಪ್ಯಾಕೆಟ್‌ಗಳನ್ನೆಲ್ಲ ಒಂದೇ ಕೋರಿನ ತಲೆಗೆ ಕಟ್ಟುತ್ತವೆ. ಮೇಲೆ ಹೇಳಿದ ಸ್ಟಿಯರಿಂಗ್ ಇಲ್ಲಿಯೂ ನೆರವಿಗೆ ಬರುತ್ತದೆ.

ಈಗ ವೇಗ ಕಡಿಮೆ ಮಾಡೋಣ

ಫೈಬರ್ ಕೇಬಲನ್ನು ಮರಳಿ ಸಿಕ್ಕಿಸಿ, ವ್ಯಾನ್ ಸೆಟ್ಟಿಂಗನ್ನು ಮೊದಲಿನಂತೆ ಮಾಡಿ. ಸ್ಪೀಡ್ ಟೆಸ್ಟನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಓಡಿಸಿ. ರಾತ್ರಿ ಮಾತ್ರ ಕುಸಿದರೆ ಬೀದಿಯೆಲ್ಲ ಸಿನಿಮಾ ನೋಡುತ್ತಿದೆ, ನಿಮ್ಮ ರೂಟರ್ ನಿರಪರಾಧಿ.

ಒಂದು ಕಿಟಕಿಯಲ್ಲಿ, ಪ್ಯಾಕೆಟ್ ಹೋಗಿ ಬರುವ ಸಮಯ ಅಳೆಯುವ ಪಿಂಗ್ ಓಡಿಸುತ್ತಾ ಇನ್ನೊಂದರಲ್ಲಿ ದೊಡ್ಡ ಫೈಲೊಂದನ್ನು ಅಪ್‌ಲೋಡ್ ಮಾಡಿ. ನಮ್ಮ ಮನೆಯಲ್ಲಿ 8 ಮಿಲಿಸೆಕೆಂಡ್ ಇದ್ದ ಪಿಂಗ್ 180 ದಾಟಿತು. ದಾರಿಯ ಯಾವುದೋ ಪೆಟ್ಟಿಗೆ ಪ್ಯಾಕೆಟ್‌ಗಳನ್ನು ಬೀಳಿಸುವ ಬದಲು ಉದ್ದದ ಸಾಲಿನಲ್ಲಿ ನಿಲ್ಲಿಸಿಕೊಂಡಿರುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಸ್ಪೀಡ್ ಟೆಸ್ಟ್ 300 ತೋರಿಸುತ್ತಲೇ ಇರುತ್ತದೆ, ವಿಡಿಯೊ ಕರೆ ಮಾತ್ರ ಕಲ್ಲಾಗಿ ನಿಲ್ಲುತ್ತದೆ. ಈ ಸಾಲುಗಳನ್ನು ಪಳಗಿಸಲು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನ ಮುಂದಿಟ್ಟರು. ಅದರ ಪೀಳಿಗೆಯ ಕೇಕ್ ಎಂಬ ವಿಧಾನ ಈಗ ಲಿನಕ್ಸಿನಲ್ಲೇ ಇದೆ.

ಈ ಸಾಲುಗಳನ್ನು ನಿಭಾಯಿಸುವ ಎಸ್‌ಕ್ಯೂಎಂ ಪೊಟ್ಟಣ ಹಾಕಿಕೊಂಡು, ಸಾಲಿನ ವಿಧಾನ ಕೇಕ್ ಎಂದು ಆರಿಸಿ, ಎರಡೂ ದಿಕ್ಕಿನ ವೇಗವನ್ನು ಅಳತೆಯ ಶೇ 90ಕ್ಕೆ ಕಟ್ಟಿಹಾಕಿ. ಸಾಲು ಕಂಪನಿಯ ಪೆಟ್ಟಿಗೆಯಿಂದ ನಿಮ್ಮ ರೂಟರಿಗೆ ವರ್ಗವಾಗುತ್ತದೆ. ಇಲ್ಲಿ ಅದನ್ನು ಆಳುವವರು ನೀವು. ಪಿಂಗ್ ಸಮಾಧಾನಕರವಾಗಿದ್ದರೆ 95ರವರೆಗೆ ಏರಿಸಿ ನೋಡಿ. ಫ್ಲೋ ಆಫ್‌ಲೋಡಿಂಗ್ ಮತ್ತು ಎಸ್‌ಕ್ಯೂಎಂ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ; ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಕೇಕ್‌ಗೆ ಸಿಪಿಯು ಹೆಚ್ಚು ಬೇಕು. ಹಳೆಯ ಡೆಸ್ಕ್‌ಟಾಪ್ ಕೊಂಡದ್ದು ಸಾರ್ಥಕವಾಗುವುದು ಇಲ್ಲಿಯೇ, ಅದು 40 ವ್ಯಾಟ್ ಎಳೆದರೆ ತಿಂಗಳಿಗೆ 29 ಯೂನಿಟ್ ವಿದ್ಯುತ್ ಹೋಗುತ್ತದೆ ಎಂಬ ಲೆಕ್ಕ ಮನೆಯವರಿಗೆ ತಿಳಿಯುವವರೆಗೆ.

ನಮ್ಮ ಸ್ಪೀಡ್ ಟೆಸ್ಟ್ ಈಗ 260ರ ಆಸುಪಾಸು ತೋರಿಸುತ್ತದೆ. ಮಗ ಆಟವೊಂದನ್ನು ಇಳಿಸಿಕೊಳ್ಳುತ್ತಿದ್ದಾಗಲೇ ಊರಿನಿಂದ ಅಮ್ಮನ ವಿಡಿಯೊ ಕರೆ ಬಂದು, ಅರ್ಧ ಗಂಟೆ ಮಾತಾಗಿ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಆ ದಿನದ ಪಿಂಗ್ 14 ಎಂದು ಬರೆದಿದ್ದೇನೆ. ಇಷ್ಟೆಲ್ಲ ಆದ ಮೇಲೂ ಹಿಂದಿನ ಕೋಣೆಯಲ್ಲಿ ಫೋನ್ ತೆವಳುತ್ತಿದ್ದರೆ ರೂಟರನ್ನು ಮತ್ತೆ ಬಿಚ್ಚಬೇಡಿ, ನಡುವಿನ ಗೋಡೆಯನ್ನು ನೋಡಿ. ಅಲ್ಲಿಗೂ ಒಂದು ಕೇಬಲ್ ಎಳೆಯಿರಿ, ಎಂಟೂ ತಂತಿ ಎಣಿಸಿಕೊಂಡು.