ಮೊದಲು ಮೈನಸ್

ನನ್ನ ಟೂಲ್ ಬಾಕ್ಸಿನಲ್ಲಿ ಹನ್ನೆರಡರ ಸ್ಪ್ಯಾನರ್ ಒಂದಿದೆ. ಅದರ ಬಾಯಿಯ ಹತ್ತಿರ ಇಲಿ ಕಡಿದ ಹಾಗೆ ಒಂದು ಕಚ್ಚು. ಉಕ್ಕು ಕರಗಿ ಆದ ಕಚ್ಚು ಅದು. ನಮ್ಮ ಹಳೇ ವ್ಯಾಗನ್ ಆರ್ ಕೊಟ್ಟ ಗುರುತು.

ಆಗ ಸೆಲ್ಫ್ ಹೊಡೆದರೆ ಬರೀ ಟಕ್ ಅನ್ನುತ್ತಿತ್ತು. ಬ್ಯಾಟರಿ ಹೊಸದು, ಲೈಟೂ ಚೆನ್ನಾಗಿಯೇ ಉರಿಯುತ್ತಿತ್ತು. ಸೆಲ್ಫ್ ಮೋಟರಿನ ಕಾರ್ಬನ್ ಬ್ರಶ್ ಸವೆದಿರಬೇಕು ಅಂದುಕೊಂಡೆ. ನಾನೇ ಬಿಚ್ಚಿ ಎಲೆಕ್ಟ್ರಿಕಲ್ ಅಂಗಡಿಗೆ ಒಯ್ದರೆ ಬಿಚ್ಚುವ ಕೂಲಿ ಉಳಿಯುತ್ತದಲ್ಲ ಅಂತ ಲೆಕ್ಕ. ಭಾನುವಾರ ಬೆಳಗ್ಗೆ ಬಾನೆಟ್ ಎತ್ತಿದೆ. ಚಾವಿ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ಚಾವಿಯೇ ಇಲ್ಲದ ಮೇಲೆ ಕರೆಂಟ್ ಎಲ್ಲಿಂದ ಬರಬೇಕು?

ನೇರ ಬ್ಯಾಟರಿಯಿಂದ ಬರುತ್ತದೆ. ಸೆಲ್ಫ್ ಮೋಟರಿಗೆ ಹೋಗುವ ದಪ್ಪ ವೈರಿನ ನಡುವೆ ಚಾವಿಯ ಸ್ವಿಚ್ ಇರುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಫ್ಯೂಸೂ ಇರುವುದಿಲ್ಲ. ಚಾವಿ ತಿರುಗಿಸಿದಾಗ ಹೋಗುವುದು ಮೋಟರಿನ ಮೇಲಿರುವ ಸೊಲೆನಾಯ್ಡ್ ಅನ್ನುವ ಸ್ವಿಚ್ಚಿಗೆ ಒಂದು ಸಣ್ಣ ವೈರಿನ ಕರೆಂಟ್, ಅಷ್ಟೇ. ದಪ್ಪ ವೈರಿನಲ್ಲಿ ಹಗಲೂ ರಾತ್ರಿ ಕರೆಂಟ್ ನಿಂತೇ ಇರುತ್ತದೆ. ಅದರ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಇನ್ನೊಂದು ತುದಿ ಎಂಜಿನ್ನಿಗೆ ತಾಗಿತು. ಫಟ್ ಅಂತ ಸದ್ದು, ಕಣ್ಣು ಕುಕ್ಕುವ ಬೆಳಕು, ಸುಟ್ಟ ವಾಸನೆ. ಕೈ ತಾನಾಗಿ ಹಿಂದಕ್ಕೆ ಬಂತು, ತಲೆ ಹೋಗಿ ಬಾನೆಟ್ಟಿಗೆ ಬಡಿಯಿತು.

12 ವೋಲ್ಟ್ ತಾನೇ, ಏನಾಗುತ್ತೆ ಅಂತ ತುಂಬಾ ಜನ ಕೇಳುತ್ತಾರೆ. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಇಲ್ಲಿ ಭಯ ಪಡಬೇಕಾದ್ದು ಆಂಪಿಯರಿಗೆ. ಮನೆಯ ಗೀಸರಿಗೆ 16 ಆಂಪಿಯರಿನ ಸಾಕೆಟ್ ಸಾಕು. ಸಣ್ಣ ಕಾರಿನ ಸೆಲ್ಫ್ ಕೂಡ 100 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಶಾರ್ಟ್ ಆದರೆ ಅದಕ್ಕೂ ಎಷ್ಟೋ ಪಾಲು ಹೆಚ್ಚು. ಸ್ಪ್ಯಾನರಿನ ಜಾಗದಲ್ಲಿ ಬೆರಳಿನ ಉಂಗುರ ಸಿಕ್ಕಿದ್ದರೆ ಅದು ಕ್ಷಣದಲ್ಲಿ ಕೆಂಡವಾಗುತ್ತಿತ್ತು. ಈಗ ಬಾನೆಟ್ ಎತ್ತುವ ಮೊದಲೇ ಉಂಗುರ, ಸ್ಟೀಲ್ ವಾಚು ಎರಡನ್ನೂ ಒಳಗೆ ಬಿಚ್ಚಿಟ್ಟು ಬರುತ್ತೇನೆ.

ಮೋಟರನ್ನು ಕೊನೆಗೂ ಬಿಚ್ಚಿ ಅಂಗಡಿಗೆ ಒಯ್ದಾಗ ಅಲ್ಲಿಯ ಅಣ್ಣ ಸುಟ್ಟ ಗುರುತು ನೋಡಿಯೇ ನಕ್ಕರು. “ಮೈನಸ್ ತೆಗೀಲಿಲ್ವಾ ಸಾರ್?”

“ಪ್ಲಸ್ ತೆಗೆದ್ರೆ ಆಗಲ್ವಾ ಅಣ್ಣ?”

“ಕಾರಿನ ಬಾಡಿ ಅಂದ್ರೇನೇ ಮೈನಸ್ ಸಾರ್.”

ಇಷ್ಟರಲ್ಲೇ ಎಲ್ಲ ಇದೆ. ಬಾಡಿ, ಎಂಜಿನ್ ಎಲ್ಲವೂ ಬ್ಯಾಟರಿಯ ಮೈನಸ್ಸಿಗೆ ಸೇರಿರುತ್ತವೆ. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಎಲ್ಲಾದರೂ ಬಾಡಿಗೆ ತಾಗಿದರೆ ಮತ್ತೆ ಅದೇ ಫಟ್. ಮೊದಲು ಮೈನಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಇಲ್ಲ, ಎರಡೂ ಕಡೆ ಮೈನಸ್ಸೇ. ಅದು ಬಿಟ್ಟ ಮೇಲೆ ಪ್ಲಸ್ಸಿನಿಂದ ಬಾಡಿಗೆ ತಾಗಿದರೂ ಕರೆಂಟಿಗೆ ವಾಪಸ್ ಹೋಗುವ ದಾರಿ ಇಲ್ಲ. ಬ್ಯಾಟರಿಯನ್ನೇ ಎತ್ತಬೇಕಾದರೆ ಮಾತ್ರ ಆಮೇಲೆ ಪ್ಲಸ್ ಬಿಚ್ಚುತ್ತೇನೆ. ಇಲ್ಲದಿದ್ದರೆ ಅದರ ತಂಟೆಗೇ ಹೋಗುವುದಿಲ್ಲ.

ಯಾವುದು ಮೈನಸ್ ಅಂತ ವೈರಿನ ಬಣ್ಣ ನಂಬಬೇಡಿ. ನಮ್ಮ ಕಾರಿಗೆ ಹಿಂದೆ ಯಾರೋ ಎರಡೂ ಕಡೆ ಕಪ್ಪು ವೈರೇ ಹಾಕಿದ್ದರು. ಬ್ಯಾಟರಿಯ ಮೇಲೆ ಗುರುತು ಅಚ್ಚು ಹಾಕಿರುತ್ತಾರೆ, ಧೂಳು ಒರೆಸಿ ನೋಡಿ. ಸಾಮಾನ್ಯವಾಗಿ ಪ್ಲಸ್ ಕಡೆಯ ಸೀಸದ ಗೂಟ ಸ್ವಲ್ಪ ದಪ್ಪ ಇರುತ್ತದೆ.

ನಮ್ಮ ಕಾರಿನ ಟರ್ಮಿನಲ್ಲಿಗೆ ಹತ್ತರ ಸ್ಪ್ಯಾನರ್ ಸಾಕು. ನಟ್ ಸಡಿಲ ಮಾಡಿ, ಟರ್ಮಿನಲ್ಲನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಮೇಲಕ್ಕೆ ಎಳೆಯುತ್ತೇನೆ. ಬರಲಿಲ್ಲ ಅಂತ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು, ಬಡಿಯುವುದು ಬೇಡ. ಸೀಸ ಮೆತ್ತಗಿನ ಲೋಹ, ಗೂಟವೇ ಅಲುಗಾಡಿಬಿಡುತ್ತದೆ. ಬೂಸಲಿನ ಹಾಗೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ನಿಧಾನವಾಗಿ ಸುರಿಯಿರಿ. ನೊರೆ ಬಂದು ಬಿಟ್ಟುಕೊಳ್ಳುತ್ತದೆ. ಆ ಪುಡಿ ಕಣ್ಣಿಗೆ, ಕೈಗೆ ತಾಗಬಾರದು. ಬಿಚ್ಚಿದ ಮೈನಸ್ ವೈರನ್ನು ಸುಮ್ನೆ ಪಕ್ಕಕ್ಕೆ ಬಿಟ್ಟರೆ ಸ್ಪ್ರಿಂಗಿನ ಹಾಗೆ ವಾಪಸ್ ಬಂದು ಗೂಟದ ಮೇಲೇ ಕೂರುತ್ತದೆ. ಹಳೇ ಬನಿಯನ್ ಬಟ್ಟೆ ಸುತ್ತಿ ದಾರ ಕಟ್ಟಿಬಿಡುತ್ತೇನೆ.

ಎಲ್ಲ ಕೆಲಸಕ್ಕೂ ಬ್ಯಾಟರಿ ಬಿಚ್ಚುತ್ತಾ ಕೂರುವವನಲ್ಲ ನಾನು. ಆಯಿಲ್ ಬದಲಿಸಲು, ಬಲ್ಬ್ ಹಾಕಲು ಅದು ಬೇಕಿಲ್ಲ. ಸೆಲ್ಫ್, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ, ಸ್ಟೀರಿಯೋ, ಯಾವುದೇ ವೈರಿಂಗ್ ಅಂದರೆ ಬಿಚ್ಚಲೇಬೇಕು. ಏರ್‌ಬ್ಯಾಗ್ ಇರುವ ಸ್ಟೀರಿಂಗಿಗೆ ಮಾತ್ರ ನಾನು ಕೈ ಹಾಕುವುದೇ ಇಲ್ಲ. ಬ್ಯಾಟರಿ ಬಿಚ್ಚಿದ ಮೇಲೂ ಅದರ ಸರ್ಕ್ಯೂಟಿನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ.

ಹಳೇ ಕಾಲದ ಕೆಲವು ಮೆಕ್ಯಾನಿಕ್‌ಗಳು ಎಂಜಿನ್ ಓಡುತ್ತಿರುವಾಗಲೇ ಟರ್ಮಿನಲ್ ಕಿತ್ತು, ಗಾಡಿ ನಿಲ್ಲಲಿಲ್ಲ, ಡೈನಮೋ ಚೆನ್ನಾಗಿದೆ ಅನ್ನುತ್ತಿದ್ದರು. ಈಗಿನ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟುಹೋಗಬಹುದು. ಮಲ್ಟಿಮೀಟರ್ ಇಟ್ಟು ನೋಡಿ. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ತೋರಿಸಿದರೆ ಡೈನಮೋ ಸರಿ ಇದೆ.

ವಾಪಸ್ ಹಾಕುವಾಗ ಉಲ್ಟಾ, ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೈನಸ್ ತಾಗಿಸುವಾಗ ಚಿಟ್ ಅಂತ ಸಣ್ಣ ಕಿಡಿ ಬಂದರೆ ಗಾಬರಿ ಬೇಡ. ಗಡಿಯಾರ ಮತ್ತೆ ಹೊಂದಿಸಬೇಕು. ಕೆಲವು ಸ್ಟೀರಿಯೋಗಳು ಕೋಡ್ ಕೇಳುತ್ತವೆ, ಅದನ್ನು ಬಿಚ್ಚುವ ಮೊದಲೇ ಬರೆದಿಟ್ಟುಕೊಳ್ಳಿ. ಒಂದೆರಡು ದಿನ ಎಂಜಿನ್ ಐಡ್ಲಿಂಗಿನಲ್ಲಿ ಸ್ವಲ್ಪ ತಡವರಿಸಬಹುದು.

ಬ್ರಶ್ ಬದಲಿಸಿದ ಮೋಟರ್ ಕೂರಿಸಿದೆ, ಮೊದಲ ಹೊಡೆತಕ್ಕೇ ಸೆಲ್ಫ್ ಹಿಡಿಯಿತು. ಮಾರನೇ ದಿನ ತರಕಾರಿ ತಗೊಂಡು ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಹೊರಟರೆ ಚಾವಿ ತಿರುಗಿಸಿದರೂ ಒಂದು ಲೈಟೂ ಇಲ್ಲ. ಹಿಂದೆ ಆಟೋದವರ ಹಾರನ್. ಬಾನೆಟ್ ಎತ್ತಿ ಮೈನಸ್ ಟರ್ಮಿನಲ್ ಮುಟ್ಟಿದರೆ ಕೈಯಲ್ಲೇ ತಿರುಗುತ್ತಿತ್ತು. ಖುಷಿಯಲ್ಲಿ ಅದನ್ನೇ ಬಿಗಿ ಮಾಡಿರಲಿಲ್ಲ. ಒತ್ತಿ ಕೂರಿಸಿ ಮನೆಗೆ ಬಂದೆ. ಹತ್ತರ ಸ್ಪ್ಯಾನರ್ ಈಗ ಟೂಲ್ ಬಾಕ್ಸಿನಲ್ಲಿ ಇರುವುದಿಲ್ಲ, ಕಾರಿನಲ್ಲೇ ಇರುತ್ತದೆ.