ಮತದಾರರ ಪಟ್ಟಿ ನಮ್ಮ ಮೊಬೈಲಿಗೆ ಬಂದ ಮೇಲೆ

ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಪಕ್ಷದ ಬೂತ್ ಕೆಲಸ ನೋಡಿಕೊಳ್ಳುತ್ತೇನೆ. ಪಕ್ಷದ ಡಿಜಿಟಲ್ ಕೆಲಸ ಅಂದರೆ ಹೆಚ್ಚಿನವರಿಗೆ ವಾಟ್ಸಾಪ್ ಗ್ರೂಪೇ. ಮೇಲಿನಿಂದ ಪೋಸ್ಟರ್, ವಿಡಿಯೋ ಬರುತ್ತವೆ, ನಾವು ಫಾರ್ವರ್ಡ್ ಮಾಡುತ್ತೇವೆ. ಆದರೆ ಅದನ್ನು ನೋಡುವವರು ಮೊದಲೇ ನಮ್ಮ ಕಡೆಯವರು, ಅಲ್ವಾ? 2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಕೈ ಹಿಡಿದದ್ದು ಮತದಾರರ ಪಟ್ಟಿ.

ಈ ಪಟ್ಟಿ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಯಾರಿಗೆ ಬೇಕಾದರೂ ಸಿಗುತ್ತದೆ. ಪುಟಕ್ಕೆ 30 ಹೆಸರು. ಪ್ರತಿ ಚೌಕದಲ್ಲಿ ಕ್ರಮಸಂಖ್ಯೆ, ಎಪಿಕ್ ನಂಬರ್ (ಮತದಾರರ ಗುರುತಿನ ಚೀಟಿಯ ನಂಬರ್), ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು. ಆದರೆ ಪುಟ ಫೋಟೋ ಇದ್ದ ಹಾಗೆ. ಹೆಸರು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ. ಹಾಗಾಗಿ ಊರಿನ ಇಬ್ಬರು ಡಿಗ್ರಿ ಹುಡುಗಿಯರ ಜೊತೆ ಕೂತು ಅಷ್ಟನ್ನೂ ಗೂಗಲ್ ಶೀಟಿಗೆ ಟೈಪ್ ಮಾಡಿದೆವು. ಕೊನೆಗೆ ಎರಡು ಕಾಲಂ ನಾವೇ ಸೇರಿಸಿದೆವು: 'ಈಗ ಎಲ್ಲಿದ್ದಾರೆ', 'ಯಾರು ಮಾತಾಡಿಸಬೇಕು'. ಜಾತಿಯ ಕಾಲಂ ಬೇಕು ಅಂತ ಕೆಲವರು ಹಟ ಹಿಡಿದರು. ನಾನು ಬಿಲ್‌ಕುಲ್ ಒಪ್ಪಲಿಲ್ಲ. ಹತ್ತಾರು ಫೋನಿನಲ್ಲಿ ಓಡಾಡುವ ಶೀಟಿನಲ್ಲಿ ಅದು ಇರಬಾರದು.

ವಯಸ್ಸಿನ ಮೇಲೆ ಫಿಲ್ಟರ್ ಹಾಕಿದ ದಿನ ಶೀಟಿನ ಬೆಲೆ ಎಲ್ಲರಿಗೂ ಗೊತ್ತಾಯಿತು. 80 ದಾಟಿದವರು ಮನೆಯಲ್ಲೇ ಮತ ಹಾಕುವ ಅವಕಾಶ ಆ ಚುನಾವಣೆಯಲ್ಲಿ ಇತ್ತು. ಅದಕ್ಕೆ ನಮೂನೆ 12ಡಿ ತುಂಬಿ, ಅಧಿಸೂಚನೆ ಹೊರಟ ಐದು ದಿನದೊಳಗೆ ಕೊಡಬೇಕಿತ್ತು. ಹಾಸಿಗೆ ಹಿಡಿದಿದ್ದ ಒಬ್ಬ ಅಜ್ಜಿಯ ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ಅವರ ಮನೆಗೆ ಬಿಎಲ್‌ಒ, ಅಂದರೆ ಚುನಾವಣಾ ಆಯೋಗದ ಬೂತ್ ಮಟ್ಟದ ಅಧಿಕಾರಿಯನ್ನು ಕರೆದುಕೊಂಡು ಹೋದೆವು. ಅಜ್ಜಿ ಯಾರಿಗೆ ಮತ ಹಾಕುತ್ತಾರೋ ನಾವು ಕೇಳಲಿಲ್ಲ.

ಆಮೇಲೆ 'ಈಗ ಎಲ್ಲಿದ್ದಾರೆ' ಕಾಲಂ. ನಮ್ಮ ಊರಿನ ಹುಡುಗರು ಪೀಣ್ಯ, ನೆಲಮಂಗಲದ ಕಡೆ ಫ್ಯಾಕ್ಟರಿಗಳಲ್ಲಿ ಇದ್ದಾರೆ. ಮೇ 10 ಬುಧವಾರ, ವಾರದ ನಡುವೆ. ಮತದಾನದ ದಿನ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ, ಆದರೆ ಕೇಳಲು ಎಷ್ಟೋ ಜನಕ್ಕೆ ಧೈರ್ಯ ಇರಲಿಲ್ಲ. ಗ್ರೂಪಿನಲ್ಲಿ ಹಾಕಿದ ಮೆಸೇಜಿಗೆ ಥಂಬ್ಸ್ ಅಪ್ ಬಂತು, ಅಷ್ಟೇ. ಅದೇ ಮಾತನ್ನು ಅವರ ಅಕ್ಕನೋ ಚಿಕ್ಕಪ್ಪನೋ ಫೋನ್ ಮಾಡಿ ಹೇಳಿದಾಗ ಮಂಗಳವಾರ ರಾತ್ರಿ ಬಸ್ ಹತ್ತಿದರು. ಯಾರು ಯಾರಿಗೆ ಫೋನ್ ಮಾಡಬೇಕು ಅಂತ ಶೀಟಿನಲ್ಲಿ ಬರೆದಿಟ್ಟಿದ್ದು ಇದಕ್ಕೇ.

ಸದಸ್ಯತ್ವದ ಕೆಲಸ ಬೇರೆ ಥರ. ಬಿಜೆಪಿ 2014ರಲ್ಲೇ ಮಿಸ್ಡ್ ಕಾಲ್ ಸದಸ್ಯತ್ವ ಶುರು ಮಾಡಿತ್ತು. ಕಾಂಗ್ರೆಸ್ 2021-22ರಲ್ಲಿ ಆ್ಯಪ್ ತಂತು. ಯಾವ ಪಕ್ಷದ ಕಾರ್ಯಕರ್ತರೇ ಆಗಲಿ, ಸದಸ್ಯತ್ವಕ್ಕೆ ಅಂತ ಫೋನಿಗೆ ಬಂದ ಒಟಿಪಿ ಕೇಳಿದರೆ ವಯಸ್ಸಾದವರು ಹೆದರುತ್ತಾರೆ. ಬ್ಯಾಂಕ್ ವಂಚನೆ ಸುದ್ದಿ ಕೇಳಿದವರು ಅವರು, ಹೆದರುವುದು ಸರಿಯೇ. ಹಾಗಾಗಿ ನಾನು ಅವರ ಫೋನ್ ಮುಟ್ಟುವುದಿಲ್ಲ. ಬಂದ ಮೆಸೇಜನ್ನು ಮನೆಯ ಮಕ್ಕಳು ಓದಿ ಹೇಳಬೇಕು. ಒಟಿಪಿ ಯಾತಕ್ಕೆ ಅಂತ ಅವರಿಗೆ ಅರ್ಥವಾದ ಮೇಲೆಯೇ ನಮ್ಮ ಆ್ಯಪಿನಲ್ಲಿ ಹಾಕುತ್ತೇವೆ. ಬೇಡ ಅಂದರೆ ಅಲ್ಲಿಗೆ ಬಿಟ್ಟೆವು.

ಚುನಾವಣೆ ಮುಗಿದ ಮೇಲೂ ಶೀಟನ್ನು ನಾವು ಮುಚ್ಚಿಲ್ಲ. ಹೆಸರು ಸೇರಿಸಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ (18 ತುಂಬಿರಬೇಕಾದ ದಿನ) ಇವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. 17 ತುಂಬಿದವರು ಮುಂಚೆಯೇ ಹೆಸರು ಸೇರಿಸುವ ಅರ್ಜಿ, ನಮೂನೆ 6, ಕೊಡಬಹುದು. ಪಿಯುಸಿ ಮಕ್ಕಳ ಹೆಸರು ಬರೆದಿಡುವ ಕೆಲಸವನ್ನು ಆ ಇಬ್ಬರು ಹುಡುಗಿಯರೇ ವಹಿಸಿಕೊಂಡಿದ್ದಾರೆ.