ಪಿಸಿಎಂಇಯ ಕೊನೆಯ ‘ಇ’ ಎಕನಾಮಿಕ್ಸ್ ಅಲ್ಲ

ಎಸ್ಸೆಸ್ಸೆಲ್ಸಿ ಮುಗಿಸಿ ಮಡಿಕೇರಿಯಲ್ಲಿ ಪಿಯು ಅರ್ಜಿ ತುಂಬುವಾಗ ಪಿಸಿಎಂಇ ಅನ್ನೋ ಕಾಂಬಿನೇಷನ್ ಕಣ್ಣಿಗೆ ಬಿತ್ತು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಎಕನಾಮಿಕ್ಸ್! ನನಗೋಸ್ಕರವೇ ಮಾಡಿಟ್ಟ ಹಾಗಿದೆ ಅಂದುಕೊಂಡೆ. ಪಕ್ಕದಲ್ಲಿ ನಿಂತಿದ್ದ ಸೀನಿಯರ್ ಒಬ್ಬರು ನಕ್ಕರು. "ಅದು ಎಲೆಕ್ಟ್ರಾನಿಕ್ಸ್. ಎಕನಾಮಿಕ್ಸ್ ಬೇಕಾದರೆ ಆ ಕಡೆ ಲೈನಲ್ಲಿ ನಿಲ್ಲಬೇಕು" ಅಂದರು.

ಆ ಕಡೆ ಅಂದರೆ ಕಾಮರ್ಸ್ ಮತ್ತು ಆರ್ಟ್ಸ್. ಅಲ್ಲಿ ಎಕನಾಮಿಕ್ಸ್ ಇದೆ, ಗಣಿತ ಇಲ್ಲ. ಕೆಲವು ಕಡೆ ಬೇಸಿಕ್ ಮ್ಯಾಥ್ಸ್ ಇರುತ್ತದೆ, ಆದರೆ ಅದು ಸೈನ್ಸ್‌ನವರು ಓದುವ ಗಣಿತ ಅಲ್ಲ, ಎರಡೂ ಬೇರೆ ಬೇರೆ ವಿಷಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಗೆಳತಿಯೊಬ್ಬಳು ಬೇಸಿಕ್ ಮ್ಯಾಥ್ಸ್ ತಗೊಂಡು, ಗಣಿತ ಓದಿದ್ದೇನಲ್ಲ ಅನ್ನೋ ಧೈರ್ಯದಲ್ಲಿ ಎರಡು ವರ್ಷ ಕಳೆದು, ಕೊನೆಗೆ ಅರ್ಜಿ ಹಾಕುವ ಹೊತ್ತಿಗೆ ಒಂದೊಂದು ಕಾಲೇಜಿಗೂ ಫೋನ್ ಮಾಡಿ "ಇದು ನಡೆಯುತ್ತಾ?" ಅಂತ ಕೇಳುತ್ತಾ ಕೂರಬೇಕಾಯಿತು. ಒಂದು ಕಡೆ ಆಗುತ್ತೆ ಅಂದರು, ಮೂರು ಕಡೆ ಆಗಲ್ಲ ಅಂದರು.

ನಾನು ಪಿಸಿಎಂಸಿ ತಗೊಂಡೆ, ಕೊನೆಯ ‘ಸಿ’ ಕಂಪ್ಯೂಟರ್ ಸೈನ್ಸ್. ಎಕನಾಮಿಕ್ಸ್ ಆಸೆ ಬಿಟ್ಟುಹೋಯಿತು ಅಂತಲೇ ಅಂದುಕೊಂಡಿದ್ದೆ. ಎರಡನೇ ಪಿಯುಗೆ ಬಂದಮೇಲೆ ಒಂದು ದಿನ ದೆಹಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಎಕನಾಮಿಕ್ಸ್ ಅರ್ಹತೆಯ ಪಟ್ಟಿ ಓದುತ್ತಿದ್ದೆ. ಅಲ್ಲಿ ಪಿಯುನಲ್ಲಿ ಎಕನಾಮಿಕ್ಸ್ ಓದಿರಲೇಬೇಕು ಅಂತ ಎಲ್ಲೂ ಇಲ್ಲ! ಬೇಕೇ ಬೇಕು ಅಂತ ಇರುವುದು ಗಣಿತ. ಇಂಗ್ಲಿಷ್, ಗಣಿತ, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಇಟ್ಟುಕೊಂಡು ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ, ಬರೆದರೆ ಆಯಿತು. ಅಂದರೆ ನಾನು ತಪ್ಪು ಲೈನಲ್ಲಿ ನಿಂತಿರಲೇ ಇಲ್ಲ.

ಅಲ್ಲಿಂದ ಮೂರು ದಾರಿ ಇಟ್ಟುಕೊಂಡೆ. ಒಂದು, ಸಿಯುಇಟಿ. ಎರಡು, ನಮ್ಮ ರಾಜ್ಯದಲ್ಲೇ ಇರುವ ಇಎಂಎಸ್, ಅಂದರೆ ಎಕನಾಮಿಕ್ಸ್, ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್ ಮೂರೂ ಸೇರಿದ ಡಿಗ್ರಿ. ಇದು ಬೆಂಗಳೂರು, ಮೈಸೂರು ಕಡೆ ಹಳೆಯ ಕಾಂಬಿನೇಷನ್. 2024ರಲ್ಲಿ ಸರ್ಕಾರ ನಾಲ್ಕು ವರ್ಷದ ಡಿಗ್ರಿ ಕೈಬಿಟ್ಟು ಮತ್ತೆ ಮೂರು ವರ್ಷ, ಮೂರು ಮುಖ್ಯ ವಿಷಯ ಅಂತ ಮಾಡಿದಮೇಲೆ ಇದಕ್ಕೆ ಮತ್ತೆ ಜೀವ ಬಂದಿದೆ. ಮೂರನೆಯದು ಸ್ವಲ್ಪ ದುರಾಸೆಯ ದಾರಿ, ಐಎಸ್‌ಐ, ಅಂದರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ 1931ರಲ್ಲಿ ಕೋಲ್ಕತ್ತಾದಲ್ಲಿ ಶುರು ಮಾಡಿದ ಸಂಸ್ಥೆ, ಬೆಂಗಳೂರಿನಲ್ಲೂ ಒಂದು ಕೇಂದ್ರ ಇದೆ, ಮೈಸೂರು ರಸ್ತೆಯಲ್ಲೇ. ಮಡಿಕೇರಿ ಬಸ್ಸಲ್ಲಿ ಎಷ್ಟೋ ಸಲ ಅದರ ಮುಂದೆ ನಿದ್ದೆ ಮಾಡಿಕೊಂಡು ಹೋಗಿದ್ದೇನೆ, ಅದು ಏನು ಅಂತ ಗೊತ್ತಿರಲಿಲ್ಲ. ಅಲ್ಲಿ ಬಿ.ಮ್ಯಾಥ್, ಅಂದರೆ ಗಣಿತದ ಡಿಗ್ರಿ, ಇದೆ. ಗಣಿತ ಗಟ್ಟಿ ಮಾಡಿಕೊಂಡರೆ ಮುಂದೆ ಅವರದೇ ಎಂಎಸ್‌ಕ್ಯೂಇಗೆ, ಅಂದರೆ ಲೆಕ್ಕದ ಎಕನಾಮಿಕ್ಸ್‌ಗೆ ಹೋಗಬಹುದು. ಟ್ಯೂಷನ್ ಫೀಸ್ ಇಲ್ಲ, ಮೇಲಿಂದ ತಿಂಗಳಿಗೆ 5000 ರೂಪಾಯಿ ಸ್ಟೈಪೆಂಡ್. ಇದನ್ನು ಕೇಳಿದಮೇಲೇ ಅಪ್ಪ "ಎಕನಾಮಿಕ್ಸ್ ಓದಿ ಏನು ಮಾಡ್ತೀಯ" ಅಂತ ಕೇಳುವುದನ್ನು ನಿಲ್ಲಿಸಿದ್ದು.

ಈಗ ತಯಾರಿಯ ವಿಷಯ. ನನ್ನ ಪಿಯು ಗಣಿತ ಚೆನ್ನಾಗಿತ್ತು, ಅಂದರೆ ಅಂಕ ಚೆನ್ನಾಗಿತ್ತು. ಹಳೆಯ ಪ್ರಶ್ನೆಪತ್ರಿಕೆ ನೋಡಿದರೆ ಐದು ಅಂಕಕ್ಕೆ ಯಾವುದು ಬರುತ್ತೆ, ಯಾವುದನ್ನು ಬಿಡಬಹುದು ಅಂತ ಹೇಳಬಲ್ಲವನಾಗಿದ್ದೆ. ಐಎಸ್‌ಐನ ಹಳೆಯ ಪತ್ರಿಕೆ ತೆಗೆದಾಗ ಆ ಜಾಣತನ ಎಲ್ಲಾ ಒಂದೇ ಸಲ ಇಳಿಯಿತು. ಸೂತ್ರ ಎಲ್ಲಾ ಗೊತ್ತಿರೋದೇ, ಆದರೆ ಪ್ರಶ್ನೆಯನ್ನು ಎಲ್ಲಿಂದ ಹಿಡಿಯಬೇಕು ಅಂತಲೇ ಗೊತ್ತಾಗಲ್ಲ.

ಮೊದಲ ಸಲ ನಮ್ಮ ಗಣಿತದ ಸರ್ ಹತ್ತಿರ ತಗೊಂಡು ಹೋದದ್ದು ಒಂದು ಸಣ್ಣ ಲೆಕ್ಕ. ಯಾವುದೇ ಪೂರ್ಣ ಸಂಖ್ಯೆಯ ಘನದಿಂದ ಅದೇ ಸಂಖ್ಯೆಯನ್ನು ಕಳೆದರೆ ಉಳಿಯುವುದು 6ರಿಂದ ಭಾಗ ಹೋಗುತ್ತದೆ, ಸಾಧಿಸಿ ಅಂತ. ನಾನು 2ಕ್ಕೆ ನೋಡಿದೆ, 6 ಬಂತು. 3ಕ್ಕೆ 24. 4ಕ್ಕೆ 60. ಹೀಗೆ 10ರವರೆಗೆ ಬರೆದು, ಕೆಳಗೆ ಗೆರೆ ಎಳೆದು ತೋರಿಸಿದೆ. ಸರ್ ಹಾಳೆ ನೋಡಿ, "ಹತ್ತು ದಿನ ಆನೆ ತೋಟಕ್ಕೆ ಬರಲಿಲ್ಲ ಅಂತ ಹನ್ನೊಂದನೇ ದಿನ ಬೇಲಿ ಕರೆಂಟ್ ಆಫ್ ಮಾಡ್ತೀಯೇನೋ?" ಅಂದರು.

ಆಮೇಲೆ ಒಂದು ಆಟ ಆಡಿಸಿದರು. ಒಂದು ಸಂಖ್ಯೆ ತಗೋ, ಅದರ ವರ್ಗಕ್ಕೆ ಅದನ್ನೇ ಸೇರಿಸು, ಮತ್ತೆ 41 ಸೇರಿಸು. 0ಗೆ 41, 1ಕ್ಕೆ 43, 2ಕ್ಕೆ 47. ಎಲ್ಲಾ ಅವಿಭಾಜ್ಯ. ಮನೆಗೆ ಹೋಗಿ ರಾತ್ರಿ ಕೂತು ಮಾಡಿದೆ. 39ರವರೆಗೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. 40ಕ್ಕೆ ಬಂದರೆ 1681. ಅದು 41ರ ವರ್ಗ! ನಲವತ್ತು ದಿನ ಆನೆ ಬರಲಿಲ್ಲ, ನಲವತ್ತೊಂದನೇ ದಿನ ಬಾಳೆ ಎಲ್ಲಾ ಮುಗಿಸಿತು. ಈ ಸಂಖ್ಯೆಗಳ ಸಂಗತಿ ಗಣಿತಜ್ಞ ಆಯ್ಲರ್ ಕಾಲದಿಂದಲೂ ಗೊತ್ತಿರುವುದೇ, ನನಗೆ ಮಾತ್ರ ಆ ರಾತ್ರಿ ಗೊತ್ತಾಯಿತು. ಘನದ ಲೆಕ್ಕಕ್ಕೆ ಬೇಕಿದ್ದದ್ದು ಒಂದೇ ಸಾಲು. ಅದನ್ನು ಬಿಡಿಸಿದರೆ ಪಕ್ಕಪಕ್ಕದ ಮೂರು ಸಂಖ್ಯೆಗಳ ಗುಣಲಬ್ಧ ಬರುತ್ತದೆ, ಆ ಮೂರರಲ್ಲಿ ಒಂದಾದರೂ ಸರಿಸಂಖ್ಯೆ ಇದ್ದೇ ಇರುತ್ತದೆ, ಒಂದು 3ರ ಮಗ್ಗಿಯದ್ದು ಇದ್ದೇ ಇರುತ್ತದೆ. ಅಷ್ಟೇ.

ಆಮೇಲೆ ಏಳೆಂಟು ತಿಂಗಳು ನಾನು ಮಾಡಿದ್ದು ಇಷ್ಟು. ದಿನಕ್ಕೆ ಒಂದೇ ಒಂದು ಪ್ರಶ್ನೆ. ಉತ್ತರ ನೋಡದೆ ಎರಡು ದಿನ ಇಟ್ಟುಕೊಳ್ಳುವುದು. ಹೊಳೆದರೆ ಪೂರ್ತಿ ವಾಕ್ಯದಲ್ಲಿ ಬರೆಯುವುದು, "ಆದ್ದರಿಂದ", "ಯಾಕೆಂದರೆ" ಎಲ್ಲಾ ಹಾಕಿ. ಬರೀ ಚಿಹ್ನೆ ಹಾಕಿದರೆ ಸರ್ ವಾಪಸ್ ಕೊಡುತ್ತಿದ್ದರು. ಕೋಚಿಂಗ್‌ಗೆ ಹೋಗಲಿಲ್ಲ, ಹೋಗೋಣ ಅಂದರೂ ನಮ್ಮ ಕಡೆ ಇದಕ್ಕೆ ಕೋಚಿಂಗ್ ಸಿಗಲಿಲ್ಲ.

ಎಕನಾಮಿಕ್ಸ್‌ಗೆ ಕಾಮರ್ಸ್ ಗೆಳೆಯನ ಪಿಯು ಪುಸ್ತಕ ತಂದು ಓದಿದೆ. ಸೀಮಾಂತ ತುಷ್ಟಿಗುಣ, ಸೀಮಾಂತ ವೆಚ್ಚ ಅಂತ ಅವನು ಬಾಯಿಪಾಠ ಮಾಡುತ್ತಿದ್ದದ್ದು ನಾನು ಕ್ಯಾಲ್ಕುಲಸ್‌ನಲ್ಲಿ ಮಾಡುತ್ತಿದ್ದ ಡೆರಿವೇಟಿವ್ ಅಂತ ಗೊತ್ತಾದಾಗ ಇಬ್ಬರಿಗೂ ಆಶ್ಚರ್ಯ ಆಯಿತು. ಸೀಮಾಂತ ಅಂದರೆ ಇನ್ನೊಂದು ಸೇರಿಸಿದರೆ ಎಷ್ಟು ಹೆಚ್ಚುತ್ತೆ ಅನ್ನೋದು, ಕಾಫಿ ಕುಯ್ಲಿನಲ್ಲಿ ಅದನ್ನು ದಿನಾ ನೋಡುತ್ತೇವೆ. ಹತ್ತು ಜನ ಇರುವಲ್ಲಿ ಹನ್ನೊಂದನೆಯವರನ್ನು ಕರೆಸಿದರೆ ಎಷ್ಟು ಕೆ.ಜಿ. ಜಾಸ್ತಿ ಬರುತ್ತೆ ಅಂತ ಅಪ್ಪ ಲೆಕ್ಕ ಹಾಕುತ್ತಾರೆ. ಅದೇ ಅದು.

ನಾನು ಪರೀಕ್ಷೆ ಬರೆದದ್ದು 2025ರಲ್ಲಿ. ಏಪ್ರಿಲ್‌ನಲ್ಲಿ ಸಿಇಟಿ (ಅವ್ವನ ಸಮಾಧಾನಕ್ಕೆ), ಮೇ ತಿಂಗಳಲ್ಲಿ ಐಎಸ್‌ಐ, ಆಮೇಲೆ ಸಿಯುಇಟಿ. ಮೂರರಲ್ಲೂ ಗೊತ್ತಿಲ್ಲದ ಪ್ರಶ್ನೆಗೆ ಏನು ಮಾಡಬೇಕು ಅನ್ನೋದು ಬೇರೆ ಬೇರೆ. ಇದನ್ನು ಯಾರೂ ಹೇಳಿಕೊಡಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು. ಸಿಯುಇಟಿಯಲ್ಲಿ ಸರಿಗೆ 5, ತಪ್ಪಿಗೆ 1 ಕಳೆಯುತ್ತಾರೆ. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತಿದರೂ ಸರಾಸರಿ ಅರ್ಧ ಅಂಕ ಲಾಭ, ಹಾಗಾಗಿ ಅಲ್ಲೂ ಒತ್ತುವುದೇ ಮೇಲು. ಆದರೆ ಸರಾಸರಿ ಅನ್ನೋದು ನಿಮ್ಮ ಒಂದು ಪರೀಕ್ಷೆಗೆ ಗ್ಯಾರಂಟಿ ಕೊಡಲ್ಲ. ಹಾಗೆ ಹತ್ತು ಪ್ರಶ್ನೆ ಒತ್ತಿದರೆ ಹತ್ತೂ ತಪ್ಪಾಗುವ ಸಾಧ್ಯತೆ ನೂರರಲ್ಲಿ ಐದಾರು ಸಲ ಇದ್ದೇ ಇದೆ.

ಮಜಾ ಇರೋದು ಐಎಸ್‌ಐನಲ್ಲಿ. ಬೆಳಗಿನ ಪತ್ರಿಕೆಯಲ್ಲಿ 30 ಪ್ರಶ್ನೆ, ಸರಿಗೆ 4, ತಪ್ಪಿಗೆ 0, ಖಾಲಿ ಬಿಟ್ಟರೆ 1. ಏನೂ ಬರೆಯದೆ ಕೂತು ಎದ್ದು ಬಂದರೂ 120ಕ್ಕೆ 30! ಸುಮ್ನೆ ಊಹಿಸಿದರೆ ಸರಾಸರಿ ಸಿಗುವುದು 1, ಖಾಲಿ ಬಿಟ್ಟರೂ 1. ಆದರೆ ನಾಲ್ಕರಲ್ಲಿ ಒಂದು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾದರೆ ಊಹೆಯ ಬೆಲೆ 1.33ಕ್ಕೆ ಏರುತ್ತದೆ. ಅರ್ಧ ತಿಳಿದವನಿಗೆ ಧೈರ್ಯ ಮಾಡು, ಏನೂ ತಿಳಿಯದವನಿಗೆ ಸುಮ್ಮನಿರು ಅಂತ ಹೇಳೋ ಪರೀಕ್ಷೆ. ಅಂಕ ಕೊಡುವ ಕ್ರಮದಲ್ಲೇ ಅರ್ಧ ಎಕನಾಮಿಕ್ಸ್ ಇದೆ, ಅಲ್ವಾ. ಮಧ್ಯಾಹ್ನದ ಪತ್ರಿಕೆಯಲ್ಲಿ ಊಹೆಗೆ ಜಾಗವೇ ಇಲ್ಲ. 2 ಗಂಟೆ, 8 ಪ್ರಶ್ನೆ, ಸಾಧಿಸಿ ಬರೆಯಬೇಕು. ನಾನು ಒಂದನ್ನು ಪೂರ್ತಿ ಮಾಡಿದೆ, ಎರಡು ಅರ್ಧಂಬರ್ಧ. ಸೀಟು ಬರಲಿಲ್ಲ. ಬರುತ್ತದೆ ಅಂತ ನಂಬಿಯೂ ಇರಲಿಲ್ಲ, ಆದರೂ ರಿಸಲ್ಟ್ ದಿನ ಊಟ ಸೇರಲಿಲ್ಲ.

ಅರ್ಜಿ ತುಂಬುವ ಗೋಳು ಬೇರೆ. ಸಿಯುಇಟಿ ಅರ್ಜಿ ಬಂದದ್ದು ಮಾರ್ಚ್‌ನಲ್ಲಿ, ಆಗ ಮನೆಯಲ್ಲಿ ಮೆಣಸು ಕುಯ್ಲು, ನನಗೆ ಪಿಯು ಪರೀಕ್ಷೆ. ನಮ್ಮ ಕಡೆಯ ದೊಡ್ಡ ತಲೆನೋವು ಮನೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆ ಹೆಸರು ಒಂದು ಅಕ್ಷರವಾಗಿ ಕೊನೆಯಲ್ಲಿ, ಆಧಾರ್‌ನಲ್ಲಿ ಪೂರ್ತಿಯಾಗಿ ಮೊದಲಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇಲ್ಲವೇ ಇಲ್ಲ. ನನ್ನ ಪ್ರಕಾರ ಪಿಯು ಮೊದಲ ವರ್ಷದಲ್ಲೇ ಆಧಾರ್ ಅನ್ನು ಎಸ್ಸೆಸ್ಸೆಲ್ಸಿಗೆ ಸರಿಯಾಗಿ ಮಾಡಿಸಿಕೊಂಡುಬಿಡಿ. ಓಬಿಸಿ ಅಂತ ಹಾಕುವವರು ಇನ್ನೊಂದು ನೋಡಿಕೊಳ್ಳಿ, ಸಿಇಟಿಗೆ ಕೊಡುವ 2ಎ, 3ಎ ಪತ್ರ ಕೇಂದ್ರದ ಸಂಸ್ಥೆಗಳಿಗೆ ನಡೆಯಲ್ಲ, ಕೇಂದ್ರದ ನಮೂನೆಯದ್ದೇ ಬೇಕು, ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇರಬೇಕು.

ಆ ವರ್ಷ ಮಳೆ ಮೇ ಕೊನೆಯಲ್ಲೇ ಹಿಡಿಯಿತು. ನನ್ನ ಸಿಯುಇಟಿ ಸೆಂಟರ್ ಮೈಸೂರು. ಕೊಡಗಿಗೆ ರೈಲು ಇಲ್ಲ, ಬಸ್ಸೇ ಗತಿ, ಬೆಳಗಿನ ಶಿಫ್ಟ್ ಬೇರೆ. ದಾರಿಯಲ್ಲಿ ಮರ ಬಿದ್ದರೆ ಏನು ಮಾಡುವುದು ಅಂತ ಹಿಂದಿನ ದಿನವೇ ಹೋಗಿ ಹುಣಸೂರಿನ ಮಾವನ ಮನೆಯಲ್ಲಿ ಮಲಗಿದೆ. ಗಣಿತದ ಪತ್ರಿಕೆ 60 ನಿಮಿಷಕ್ಕೆ 50 ಪ್ರಶ್ನೆ. ಐಎಸ್‌ಐಗೆ ಒಂದು ಲೆಕ್ಕವನ್ನು ಎರಡು ದಿನ ಇಟ್ಟುಕೊಂಡು ಕೂತ ಅಭ್ಯಾಸ ಇಲ್ಲಿ ಕೈಕೊಟ್ಟಿತು, ಹತ್ತು ಪ್ರಶ್ನೆ ಮುಟ್ಟಲೇ ಆಗಲಿಲ್ಲ. ಕೊನೆಯ ನಿಮಿಷದಲ್ಲಿ ಅರ್ಧ ಅಂಕದ ಲೆಕ್ಕ ನೆನಪಿಸಿಕೊಂಡು ಹತ್ತನ್ನೂ ಒತ್ತಿ ಬಂದೆ.

ಇದರ ಮಧ್ಯೆ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೂ ಹಾಕಿದ್ದೆ. ಅವರು ಪ್ರಬಂಧ ಕೇಳಿದ್ದರು, ಯಾಕೆ ಎಕನಾಮಿಕ್ಸ್ ಅಂತ. ಮೊದಲು ಬರೆದದ್ದು "ಚಿಕ್ಕಂದಿನಿಂದಲೂ ನನಗೆ ಗಣಿತ ಅಂದರೆ ಇಷ್ಟ" ಅಂತ. ಅಕ್ಕ ಓದಿ, "ಇದರಲ್ಲಿ ನೀನು ಎಲ್ಲಿದ್ದೀಯ?" ಅಂದಳು. ಹರಿದು, ಮನೆಯಲ್ಲಿ ನಡೆಯುತ್ತಿದ್ದ ಜಗಳವನ್ನೇ ಬರೆದೆ. 2025ರ ಶುರುವಿನಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು. ಅವ್ವ ಕೊಟ್ಟುಬಿಡೋಣ ಅಂದರು, ಅಪ್ಪ ಇನ್ನೂ ಏರುತ್ತೆ ಅಂದರು. ನಮ್ಮೂರಿನಲ್ಲಿ ಎಲ್ಲರೂ ಚೀಲ ಕಟ್ಟಿಟ್ಟುಕೊಂಡು ಲಂಡನ್ ಮಾರುಕಟ್ಟೆಯ ರೊಬಸ್ಟಾ ಬೆಲೆ ನೋಡುತ್ತಾ ಕೂತಿದ್ದರು. ಎಲ್ಲರೂ ಕಾಯುತ್ತಿರುವಾಗ ಕಾಯುವುದು ಜಾಣತನವೋ ಅಲ್ಲವೋ, ಅದು ನನ್ನ ಪ್ರಬಂಧ.

ಇಂಟರ್‌ವ್ಯೂ ಆನ್‌ಲೈನ್. ಮನೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿರಲಿಲ್ಲ, ಕುಶಾಲನಗರದ ಚಿಕ್ಕಮ್ಮನ ಮನೆಗೆ ಹೋಗಿ ಕೂತೆ. ಒಬ್ಬರು ಮೇಡಂ ಕೇಳಿದರು, "ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಹೋದರೆ ನಿಮ್ಮ ತಂದೆಗೆ ಲಾಭವೋ ನಷ್ಟವೋ?" ಲಾಭ ಅಂದೆ. ಅಲ್ಲಿ ಹೆಚ್ಚು ಪೆಟ್ಟಾಗುವುದು ಅರೇಬಿಕಾಗೆ, ಅದು ದುಬಾರಿಯಾದರೆ ಕಂಪನಿಗಳು ರೊಬಸ್ಟಾ ಜಾಸ್ತಿ ಬೆರೆಸುತ್ತವೆ, ನಮ್ಮ ಬೆಲೆಯೂ ಏರುತ್ತದೆ ಅಂತ ವಿವರಿಸಿದೆ. ಚೆನ್ನಾಗಿ ಹೇಳಿದೆ ಅಂದುಕೊಳ್ಳುವಾಗಲೇ ಅವರು, "ಸರಿ, ಅವರು ಹಿಂದಿನ ವಾರವೇ ಮಾರಿದ್ದರೆ?" ಅಂದರು. ನಾನು ಸುಮ್ಮನಾದೆ. ಆಮೇಲೆ, "ಹಾಗಾದರೆ ಲಾಭ ಇಲ್ಲ, ಆದರೆ ಮುಂದಿನ ವರ್ಷ ಕೂಲಿ ಏರುತ್ತದೆ, ಅದು ಮಾತ್ರ ಉಳಿಯುತ್ತದೆ" ಅಂದೆ. ಅವರು ನಕ್ಕರು. ಸೀಟು ಕೊಟ್ಟರು, ಆದರೆ ಫೀಸ್ ನಮ್ಮ ಕೈಗೆ ಎಟುಕುವಂಥದ್ದಲ್ಲ.

ಕೊನೆಗೆ ಸೇರಿದ್ದು ಬೆಂಗಳೂರಿನಲ್ಲಿ ಇಎಂಎಸ್‌ಗೆ. ಇದರಲ್ಲಿ ಒಂದು ಇಕ್ಕಟ್ಟು ಇದೆ. ಇಲ್ಲಿಯ ಕಾಲೇಜುಗಳು ಮೇ, ಜೂನ್‌ನಲ್ಲೇ ಫೀಸ್ ಕಟ್ಟಿ ಅನ್ನುತ್ತವೆ, ಸಿಯುಇಟಿ ಫಲಿತಾಂಶ ಬರುವುದು ಜುಲೈಗೆ. ಕಟ್ಟಿದರೆ ದುಡ್ಡು ಸಿಕ್ಕಿಬೀಳುತ್ತೆ, ಕಟ್ಟದಿದ್ದರೆ ಎರಡೂ ಹೋಗಬಹುದು. ಅಪ್ಪ ಇದನ್ನು ಬೇಗ ಅರ್ಥ ಮಾಡಿಕೊಂಡರು, "ಅಡ್ವಾನ್ಸ್ ಕೊಟ್ಟು ಹಿಡಿದಿಡೋದು ತಾನೇ" ಅಂದರು. ಸೀಟು ಬಿಟ್ಟರೆ ಎಷ್ಟು ವಾಪಸ್ ಕೊಡುತ್ತೀರಿ ಅಂತ ಕಾಲೇಜಿಗೆ ಮೇಲ್ ಹಾಕಿ ಬರಹದಲ್ಲಿ ಉತ್ತರ ತರಿಸಿಕೊಂಡೇ ಕಟ್ಟಿದೆವು, ನೀವೂ ಹಾಗೇ ಮಾಡಿ. ದೆಹಲಿಯಲ್ಲಿ ಎರಡನೇ ಸುತ್ತಿಗೆ ಒಂದು ಕಾಲೇಜು ಬಂತು. ಹಾಸ್ಟೆಲ್ ಇಲ್ಲ. ಬಾಡಿಗೆ, ಊಟ, ಓಡಾಟ ಲೆಕ್ಕ ಹಾಕಿ ಬಿಟ್ಟುಬಿಟ್ಟೆ. ಅದು ಸರಿಯೋ ತಪ್ಪೋ, ಕೆಲವು ರಾತ್ರಿ ಇನ್ನೂ ಯೋಚಿಸುತ್ತೇನೆ.

ಜುಲೈ ಹೊತ್ತಿಗೆ ಕಾಫಿ ಬೆಲೆ ತೀರಾ ಇಳಿದಿತ್ತು. ಅಪ್ಪ ಅರ್ಧದಷ್ಟು ಚೀಲಗಳನ್ನು ಇನ್ನೂ ಇಟ್ಟುಕೊಂಡೇ ಇದ್ದರು, ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಹಾಸ್ಟೆಲ್‌ಗೆ ಅಪ್ಪನ ಮೆಸೇಜ್ ಬಂತು. "ಲಂಡನ್ ಮತ್ತೆ ಏರಿದೆ. ಕೊಡಲಾ, ಇಡಲಾ?" ನಾನು ಪೆನ್ನು ಹಾಳೆ ತಗೊಂಡು ಕೂತೆ. ಏರುವ ಸಾಧ್ಯತೆ ಇಷ್ಟು, ಇಳಿಯುವುದು ಇಷ್ಟು, ಇಟ್ಟರೆ ತೂಕ ಇಷ್ಟು ಕಡಿಮೆಯಾಗುತ್ತೆ ಅಂತ ಎರಡು ಗಂಟೆ ಲೆಕ್ಕ ಹಾಕಿ, "ಅರ್ಧ ಕೊಡಿ, ಅರ್ಧ ಇಡಿ" ಅಂತ ಕಳಿಸಿದೆ.

"ಎಲ್ಲಾ ನಿನ್ನೆನೇ ಕೊಟ್ಟೆ" ಅಂತ ಉತ್ತರ ಬಂತು. "ನೀನು ಏನ್ ಹೇಳ್ತೀಯ ಅಂತ ಸುಮ್ನೆ ಕೇಳಿದ್ದು."